ಬ್ರೌಸರ್ ತೆರೆದರೂ ಫ್ಯಾನ್ ಜೋರು ಸದ್ದು ಮಾಡುತ್ತೆ, ಏನು ಮಾಡಲಿ?

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ನಲ್ಲಿ ಬ್ರೌಸರ್ ತೆರೆದರೆ ಸಾಕು, ಫ್ಯಾನ್ ಜೋರಾಗಿ ಸದ್ದು ಮಾಡಿ ಎರಡೇ ಸೆಕೆಂಡಿಗೆ ಸುಮ್ಮನಾಗುತ್ತದೆ. ದಿನವಿಡೀ ಇದೇ ಕಥೆ. ಪ್ರೊಸೆಸರ್ ಬಿಸಿ 42 ಡಿಗ್ರಿಯಿಂದ 63ಕ್ಕೆ ಹಾರಿ ಮತ್ತೆ ಇಳಿಯುತ್ತದೆ. ಫ್ಯಾನ್‌ಗಳನ್ನು ಯಾವಾಗಲೂ ಫುಲ್ ಸ್ಪೀಡಿನಲ್ಲಿ ಇಡು ಎನ್ನುತ್ತಾನೆ ಗೆಳೆಯ. ಕ್ಯಾಬಿನೆಟ್‌ನ ಪಕ್ಕದ ಮುಚ್ಚಳ ತೆಗೆದಿಡಲೇ?

ಉತ್ತರ: ಮೊದಲು ಒಂದು ಸಮಾಧಾನದ ಮಾತು. 63 ಡಿಗ್ರಿ ಬಿಸಿಯೇ ಅಲ್ಲ. ಈಗಿನ ಹೆಚ್ಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು 95–100 ಡಿಗ್ರಿ ಹತ್ತಿರ ಬಂದಾಗಲಷ್ಟೇ ತಾವಾಗಿಯೇ ವೇಗ ತಗ್ಗಿಸುತ್ತವೆ. ನಿಮ್ಮ ತೊಂದರೆ ಇರುವುದು ಬಿಸಿಯಲ್ಲಲ್ಲ, ಫ್ಯಾನ್‌ನ ಅವಸರದಲ್ಲಿ.

ಬ್ರೌಸರ್ ತೆರೆದ ಕ್ಷಣ ಪ್ರೊಸೆಸರ್‌ನ ಒಂದೆರಡು ಕೋರ್‌ಗಳು (ಅದರೊಳಗಿನ ಲೆಕ್ಕ ಮಾಡುವ ಘಟಕಗಳು) ಪೂರ್ತಿ ವೇಗಕ್ಕೆ ಏರುತ್ತವೆ. ಬಿಸಿ ಹುಟ್ಟುವುದು ಉಗುರಿನಷ್ಟು ಜಾಗದಲ್ಲಿ. ಹಾಗಾಗಿ ಅಲ್ಲೇ ಇರುವ ಸೆನ್ಸರ್ ಸೆಕೆಂಡಿನೊಳಗೆ 15–20 ಡಿಗ್ರಿ ಜಾಸ್ತಿ ತೋರಿಸಿಬಿಡುತ್ತದೆ. ಪ್ರೊಸೆಸರ್ ಮೇಲೆ ಕೂತು ಬಿಸಿ ಹೀರುವ ಹೀಟ್‌ಸಿಂಕ್ ಮಾತ್ರ ದೊಡ್ಡ ಲೋಹದ ಗಡ್ಡೆ, ಅದಿನ್ನೂ ತಣ್ಣಗೇ ಇರುತ್ತದೆ. ತಣ್ಣಗಿರುವ ಲೋಹಕ್ಕೆ ಎಷ್ಟು ಗಾಳಿ ಬೀಸಿದರೂ ಪ್ರಯೋಜನ ಇಲ್ಲ ಅಲ್ವಾ? ಸುಮ್ನೆ ಸದ್ದು, ಅಷ್ಟೇ.

ಇದನ್ನು ಬಯೋಸ್‌ನಲ್ಲೇ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟಗಳು) ಸರಿಮಾಡಬಹುದು. ಫ್ಯಾನ್ ಕರ್ವ್, ಅಂದರೆ ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗ ಎಂಬ ಗೆರೆ, ಇರುವ ಪುಟಕ್ಕೆ ಹೋಗಿ. 60–65 ಡಿಗ್ರಿವರೆಗೂ ಸಪಾಟಾಗಿ 35 ಶೇಕಡಾ ಆಸುಪಾಸು ಇರಲಿ. 75ಕ್ಕೆ 60 ಶೇಕಡಾ, 85 ದಾಟಿದರೆ ಪೂರ್ತಿ. ಹೆಚ್ಚಿನ ಮದರ್‌ಬೋರ್ಡ್‌ಗಳಲ್ಲಿ ಅಲ್ಲೇ ‘ಸ್ಟೆಪ್ ಅಪ್ ಟೈಮ್’ (ಫ್ಯಾನ್ ವೇಗ ಏರಲು ತೆಗೆದುಕೊಳ್ಳುವ ಸಮಯ) ಅಥವಾ ಅಂಥದ್ದೇ ಹೆಸರಿನ ಆಯ್ಕೆಯೂ ಇರುತ್ತದೆ. ಅದನ್ನು ಮೂರು ನಾಲ್ಕು ಸೆಕೆಂಡಿಗೆ ಏರಿಸಿ. ಇಂಥ ಕ್ಷಣದ ಜಿಗಿತಗಳಿಗೆ ಫ್ಯಾನ್ ಆಮೇಲೆ ತಲೆ ಕೆಡಿಸಿಕೊಳ್ಳುವುದಿಲ್ಲ. ಕ್ಯಾಬಿನೆಟ್ ಫ್ಯಾನ್‌ಗಳು ಎಷ್ಟೇ ಇಳಿಸಿದರೂ ಫುಲ್ ಸ್ಪೀಡಿನಲ್ಲೇ ತಿರುಗುತ್ತಿದ್ದರೆ ಅವುಗಳ ಪಿನ್ ಎಣಿಸಿ. ಮೂರು ಪಿನ್‌ನ ಫ್ಯಾನ್‌ಗೆ ಬಯೋಸ್‌ನಲ್ಲಿ ಡಿಸಿ ಮೋಡ್ (ವೋಲ್ಟೇಜ್ ಬದಲಿಸಿ ವೇಗ ಹೊಂದಿಸುವುದು) ಬೇಕು, ಪಿಡಬ್ಲ್ಯೂಎಂ ಮೋಡ್ (ಬೇರೆ ತಂತಿಯ ಸಂಕೇತದಿಂದ ವೇಗ ಹೊಂದಿಸುವುದು) ನಾಲ್ಕು ಪಿನ್‌ನದಕ್ಕೆ.

ಗೆಳೆಯರ ಸಲಹೆ ನನಗೆ ಒಪ್ಪಿಗೆಯಿಲ್ಲ. ಫ್ಯಾನ್ ವೇಗ ಅರ್ಧಕ್ಕೆ ಇಳಿದರೆ ಗಾಳಿ ಅರ್ಧ ಆಗುತ್ತದೆ ನಿಜ, ಆದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. ಕಿವಿಗೆ ಅದು ದೊಡ್ಡ ವ್ಯತ್ಯಾಸ. ಒಂದು ಮಟ್ಟದ ನಂತರ ವೇಗ ಏರಿಸಿದರೆ ಇಳಿಯುವುದು ಎರಡು ಮೂರು ಡಿಗ್ರಿ ಮಾತ್ರ. ಅದಕ್ಕಾಗಿ ಇಡೀ ದಿನ ಗದ್ದಲ ಸಹಿಸಬೇಕಾ?

ಪಕ್ಕದ ಮುಚ್ಚಳವನ್ನು ತೆಗೆದೇ ಇಡಬೇಡಿ, ಧೂಳು ತುಂಬುತ್ತದೆ. ಆದರೆ ಪರೀಕ್ಷೆಗೆ ಅದು ತುಂಬ ಒಳ್ಳೆಯ ಉಪಾಯ. ಭಾರಿ ಕೆಲಸ ಕೊಟ್ಟು ಅರ್ಧ ಗಂಟೆ ಬಿಟ್ಟು ಬಿಸಿ ನೋಡಿ. ಆಮೇಲೆ ಮುಚ್ಚಳ ತೆಗೆದು ಇನ್ನೊಮ್ಮೆ ನೋಡಿ. ಎರಡು ಮೂರು ಡಿಗ್ರಿ ಇಳಿದರೆ ಎಲ್ಲ ಸರಿ ಇದೆ. ಹತ್ತು ಡಿಗ್ರಿ ಇಳಿಯಿತೋ, ಗಾಳಿ ಒಳಗೆ ಬರುವ ದಾರಿ ಕಟ್ಟಿದೆ ಅಂತಲೇ ಅರ್ಥ. ಮುಂದಿನ ಜಾಲರಿ ಬಿಚ್ಚಿ ಧೂಳು ತೆಗೆಯಿರಿ. ಫ್ಯಾನ್‌ಗಳ ದಿಕ್ಕೂ ನೋಡಿ: ಮೋಟರನ್ನು ಹಿಡಿದಿರುವ ಕಡ್ಡಿಗಳು ಯಾವ ಕಡೆಗಿವೆಯೋ ಗಾಳಿ ಆ ಕಡೆಗೆ ಹೊರಬರುತ್ತದೆ. ಮುಂದಿನದು ಒಳಗೆಳೆಯಬೇಕು, ಹಿಂದಿನದು ಹೊರದಬ್ಬಬೇಕು.

ನಿಜಕ್ಕೂ ಚಿಂತೆ ಮಾಡಬೇಕಾದದ್ದು ಯಾವಾಗ? ಏನೂ ಕೆಲಸವಿಲ್ಲದಾಗಲೂ 70 ಡಿಗ್ರಿ ಇದ್ದರೆ, ಇಲ್ಲವೇ ಭಾರಿ ಕೆಲಸ ಶುರುವಾದ ಕೆಲವೇ ಸೆಕೆಂಡಿನಲ್ಲಿ 95 ಮುಟ್ಟಿದರೆ. ಫ್ಯಾನ್ ವೇಗ ಏರಿಸಿದರೆ ಅದು ಹೋಗುವುದಿಲ್ಲ. ಪ್ರೊಸೆಸರ್ ಮತ್ತು ಹೀಟ್‌ಸಿಂಕ್ ನಡುವೆ ಹಚ್ಚುವ ಥರ್ಮಲ್ ಪೇಸ್ಟ್ ಒಣಗಿರಬಹುದು, ಹೀಟ್‌ಸಿಂಕ್‌ನ ಒಂದು ಮೂಲೆ ಎದ್ದಿರಬಹುದು. ಹೊಸ ಕೂಲರ್ (ಹೀಟ್‌ಸಿಂಕ್, ಫ್ಯಾನ್ ಸೇರಿದ್ದು) ಆದರೆ ತಳದ ಪ್ಲಾಸ್ಟಿಕ್ ಹಾಳೆ ತೆಗೆದಿದ್ದಾರೆಯೇ ಎಂದೂ ನೋಡಿ. ಧೂಳು ಊದುವಾಗ ಫ್ಯಾನ್‌ನ ರೆಕ್ಕೆಯನ್ನು ಬೆರಳಲ್ಲಿ ಹಿಡಿದುಕೊಳ್ಳಿ, ಗಾಳಿಯ ರಭಸಕ್ಕೆ ಅದು ಗರಗರ ತಿರುಗಿದರೆ ಬೇರಿಂಗ್ ಹಾಳಾದೀತು.