ಓದುಗರ ಪ್ರಶ್ನೆ: ಚಳಿಗಾಲದಲ್ಲಿ ಕ್ಯಾಮೆರಾ ಜೋಪಾನ

ಪ್ರಶ್ನೆ: ಸರ್, ನಮ್ದು ಮಡಿಕೇರಿ. ಡಿಸೆಂಬರಲ್ಲಿ ಬೆಳಗಿನ ಜಾವ ಮಾಂದಲ್‌ಪಟ್ಟಿಗೆ ಹೋಗಿ ಸೂರ್ಯೋದಯದ ಫೋಟೋ ತೆಗ್ದು ಮನೆಗೆ ಬಂದ್ರೆ ಲೆನ್ಸ್ ಪೂರ್ತಿ ಮಂಜು ಕಟ್ಕೊಂಡಿರತ್ತೆ. ಚಳಿಗೆ ಕ್ಯಾಮೆರಾ ಹಾಳಾಗ್ತಾ ಇದ್ಯಾ? ಒಲೆ ಹತ್ರ ಇಟ್ಟು ಒಣಗಿಸ್ಬೋದಾ?
– ಓದುಗರು, ಮಡಿಕೇರಿ

ಉತ್ತರ: ಚಳಿಯಿಂದ ಏನೂ ಆಗಿಲ್ಲ, ಹೆದರ್ಬೇಡಿ. ಸಾಮಾನ್ಯವಾಗಿ ಕ್ಯಾಮೆರಾ ಕಂಪನಿಗಳು 0ಯಿಂದ 40 ಡಿಗ್ರಿವರೆಗೆ ಬಳಸ್ಬೋದು ಅಂತಾನೇ ಬರ್ದಿರ್ತಾರೆ, ನಮ್ಮ ಕೊಡಗಿನ ಚಳಿ ಅದರೊಳಗೇ ಇದೆ. ತೊಂದ್ರೆ ಇರೋದು ವಾಪಸ್ ಬಂದು ಬೆಚ್ಚಗಿರೋ ಮನೆ ಒಳಗೆ ಕಾಲಿಟ್ಟಾಗ. ಫ್ರಿಜ್ಜಿಂದ ತೆಗೆದ ನೀರಿನ ಬಾಟ್ಲಿ ಬೆವರೋ ಹಾಗೆ, ತಣ್ಣಗಾಗಿರೋ ಲೆನ್ಸ್ ಮೇಲೆ ಅಡುಗೆಮನೆ ಹಬೆ, ನಮ್ಮ ಉಸಿರು, ಬಚ್ಚಲಿನ ಬಿಸಿನೀರಿನ ಆವಿ ಎಲ್ಲ ನೀರಾಗಿ ಕೂತ್ಕೊಳ್ಳತ್ತೆ, ಹೊರಗಿಂದ ಕಾಣೋದು ಸ್ವಲ್ಪ, ಒಳಗಡೆ ಗಾಜುಗಳ ಮಧ್ಯೆ, ಸರ್ಕ್ಯೂಟ್ ಮೇಲೆ ಕೂತಿದ್ದು ಕಾಣೋದೇ ಇಲ್ಲ.

ಅದಕ್ಕೇ ಮಾಡ್ಬೇಕಾದ ಕೆಲಸ ಬೆಟ್ಟದ ಮೇಲೇ ಇದೆ. ಜೀಪ್ ಹತ್ತೋ ಮುಂಚೆ ಮೆಮೊರಿ ಕಾರ್ಡ್ ತೆಗ್ದು ಜೇಬಿಗೆ ಹಾಕ್ಕೊಳ್ಳಿ. ಇದನ್ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ಮನೆಗೆ ಬಂದ ತಕ್ಷಣ ಫೋಟೋ ನೋಡೋ ಆಸೆಗೇ ಎಲ್ರೂ ಬ್ಯಾಗ್ ಬಿಚ್ಚೋದು. ಆಮೇಲೆ ಕ್ಯಾಮೆರಾನ ಜಿಪ್ ಇರೋ ಪ್ಲಾಸ್ಟಿಕ್ ಕವರಲ್ಲಿ ಹಾಕಿ, ಗಾಳಿ ಒತ್ತಿ ತೆಗ್ದು, ಬಿಗಿಯಾಗಿ ಮುಚ್ಚಿ. ಮನೇಲಿ ಒಂದೆರಡು ಗಂಟೆ ಹಾಗೇ ಬಿಡಿ, ದೊಡ್ಡ ಟೆಲಿ ಲೆನ್ಸ್ ಆದ್ರೆ ಇನ್ನೂ ಸ್ವಲ್ಪ ಹೊತ್ತು. ನೀರು ಕೂರೋದು ಕವರಿನ ಮೇಲೆ, ಕ್ಯಾಮೆರಾ ಒಳಗೆ ನಿಧಾನಕ್ಕೆ ಬೆಚ್ಚಗಾಗತ್ತೆ.

ಈಗಾಗ್ಲೇ ಮಂಜು ಕಟ್ಟಿದ್ರೆ ಆನ್ ಮಾಡ್ಬೇಡಿ, ಲೆನ್ಸ್ ಬಿಚ್ಬೇಡಿ, ಶಾಲಿನ ಸೆರಗಲ್ಲಿ ಉಜ್ಜಲೇಬೇಡಿ. ಬ್ಯಾಟರಿ ತೆಗ್ದು ಗಾಳಿ ಆಡೋ ಕಡೆ ಇಡಿ, ತಾನಾಗೇ ಆರತ್ತೆ. ಒಲೆ ಹತ್ರ ಬೇಡ, ಕಣದಲ್ಲಿ ಕಾಫಿ ಪಕ್ಕ ಬಿಸಿಲಿಗೂ ಬೇಡ, ಒಮ್ಮೆಲೇ ಅಷ್ಟು ಬಿಸಿ ತಾಗಿದ್ರೆ ರಬ್ಬರ್, ಅಂಟು, ಗ್ರೀಸ್ ಎಲ್ಲಕ್ಕೂ ಪೆಟ್ಟು.

ಪ್ರಶ್ನೆ: ಜನವರಿಯಲ್ಲಿ ಫ್ರೆಂಡ್ಸ್ ಜೊತೆ ಲಡಾಖ್‌ಗೆ ಹೊರಟಿದ್ದೀನಿ. ಅಲ್ಲಿ ಬ್ಯಾಟರಿ ನಿಲ್ಲಲ್ಲ ಅಂತಾರೆ, ನಿಜಾನಾ?
– ಓದುಗರು, ವಿರಾಜಪೇಟೆ

ಉತ್ತರ: ನಿಜ. ಸೊನ್ನೆಗಿಂತ ಕೆಳಗೆ ಹೋದಷ್ಟೂ ಲಿಥಿಯಂ ಬ್ಯಾಟರಿ ಒಳಗಿನ ರಾಸಾಯನಿಕ ಕ್ರಿಯೆ ಮಂದ ಆಗತ್ತೆ, ಚಾರ್ಜ್ ಇದ್ರೂ ಕ್ಯಾಮೆರಾ ಖಾಲಿ ಅಂತ ತೋರ್ಸತ್ತೆ. ಆ ಬ್ಯಾಟರಿ ಎಸೀಬೇಡಿ! ಶರ್ಟಿನ ಒಳಜೇಬಲ್ಲಿ ಮೈ ಬಿಸಿಗೆ ಸ್ವಲ್ಪ ಹೊತ್ತು ಇಟ್ಟು ಮತ್ತೆ ಹಾಕಿ, ಎಷ್ಟೋ ಸಲ ಇನ್ನೂ ಒಂದಷ್ಟು ಫೋಟೋ ಬರತ್ತೆ. ಎರಡು ಮೂರು ಬ್ಯಾಟರಿ ಇಟ್ಕೊಂಡು ಬದಲಾಯಿಸ್ತಾ ಇರಿ, ಆದ್ರೆ ಚಿಲ್ಲರೆ ಕಾಸು, ಬೀಗದ ಕೈ ಇರೋ ಜೇಬಲ್ಲಿ ಬೇಡ, ಶಾರ್ಟ್ ಆಗತ್ತೆ. ಮರಗಟ್ಟಿರೋ ಬ್ಯಾಟರಿನ ಹಾಗೇ ಚಾರ್ಜಿಗೂ ಹಾಕ್ಬೇಡಿ, ಮೊದ್ಲು ರೂಮಿನ ಬಿಸಿಗೆ ಬರ್ಲಿ. ಸ್ಕ್ರೀನ್ ನಿಧಾನ ಆದ್ರೆ ಗಾಬರಿ ಬೇಡ, ಬೆಚ್ಚಗಾದ್ಮೇಲೆ ಸರಿಹೋಗತ್ತೆ. ರಾತ್ರಿ ಬುಖಾರಿ (ರೂಮು ಬೆಚ್ಚಗಿಡೋ ಒಲೆ) ಉರೀತಿರೋ ರೂಮಿಗೆ ಬರುವಾಗ ಮೇಲೆ ಹೇಳಿದ ಕವರ್ ಕೆಲಸ ಅಲ್ಲೂ ತಪ್ಪದೆ ಮಾಡಿ.

ಪ್ರಶ್ನೆ: ಕ್ಯಾಮೆರಾನ ಅಕ್ಕಿ ಡಬ್ಬದಲ್ಲಿಟ್ರೆ ತೇವ ಹೋಗತ್ತಂತೆ?
– ಓದುಗರು, ಸೋಮವಾರಪೇಟೆ

ಉತ್ತರ: ಬೇಡ, ಅಕ್ಕಿ ಧೂಳು ಸಂದಿಗೆಲ್ಲ ಸೇರ್ಕೊಳ್ಳತ್ತೆ. ಗಾಳಿ ಆಡದ ಪ್ಲಾಸ್ಟಿಕ್ ಡಬ್ಬ ತಗೊಳ್ಳಿ, ತೇವ ಹೀರೋ ಸಿಲಿಕಾ ಜೆಲ್ ಹರಳು ಹಾಕಿ, ತೇವ ತೋರ್ಸೋ ಚಿಕ್ಕ ಮೀಟರ್ ಒಂದಿಡಿ, 40ರಿಂದ 50 ಪರ್ಸೆಂಟ್ ಇದ್ರೆ ಸಾಕು. ಕ್ಯಾಮೆರಾ ಜೊತೆ ಬರೋ ಲೆದರ್ ಕೇಸಲ್ಲಿ ಮಾತ್ರ ಇಡ್ಬೇಡಿ, ನಮ್ಮ ಮಳೆಗಾಲಕ್ಕೆ ಮೊದ್ಲು ಬೂಷ್ಟು ಹಿಡಿಯೋದೇ ಆ ಲೆದರ್, ಅಲ್ಲಿಂದ ಲೆನ್ಸಿಗೆ ಫಂಗಸ್ ಹತ್ತಿದ್ರೆ ಗಾಜಿನ ಕೋಟಿಂಗನ್ನೇ ತಿಂದು ಹಾಕತ್ತೆ. ಸಿಲಿಕಾದ ನೀಲಿ ಹರಳು ಗುಲಾಬಿಗೆ ತಿರುಗಿದ್ರೆ ಬಾಣಲೆಗೆ ಹಾಕಿ ಸಣ್ಣ ಉರೀಲಿ ಬಿಸಿ ಮಾಡಿ, ಮತ್ತೆ ನೀಲಿಯಾಗತ್ತೆ. ಆ ಬಾಣಲೇನ ಅಡುಗೆಗೆ ಮಾತ್ರ ತಗೋಬೇಡಿ, ನೀಲಿ ಬಣ್ಣದಲ್ಲಿರೋ ಕೋಬಾಲ್ಟ್ ವಿಷ.