ಮನೇಲೇ ಬಯೋಡೀಸೆಲ್: "ಮಾರಲ್ಲ, ನನ್ನ ಗಾಡಿಗಷ್ಟೇ" ಅನ್ನೋರಿಗೆ

ಈ ಸಲವೂ ಬಂದಿರೋದ್ರಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ, ವೇಷ ಮಾತ್ರ ಬೇರೆ ಬೇರೆ. ಎಣ್ಣೆ ಸೋಸೋದು, ನೀರು ತೆಗಿಯೋದು, ಟೈಟ್ರೇಷನ್ ಮಾಡೋದು (ಎಣ್ಣೆಲಿ ಆಮ್ಲ ಎಷ್ಟಿದೆ ಅಂತ ಅಳೆಯೋದು) ಇವೆಲ್ಲ ನಿಮಗೆ ಗೊತ್ತು ಅಂದ್ಕೊಂಡೇ ಬರೀತಿದೀನಿ. ಗೊತ್ತಿಲ್ದಿದ್ರೆ ಲೈಸೆನ್ಸ್ ಮಾತು ಬಿಡಿ, ಮೊದ್ಲು ಅದನ್ನ ಕಲೀರಿ.

ಪ್ರಶ್ನೆ: ಕರಿದು ಉಳಿದ ಎಣ್ಣೆ ತಂದು ತಿಂಗಳಿಗೆ ನೂರು ಲೀಟರ್ ಬಯೋಡೀಸೆಲ್ ಮಾಡ್ಕೊಳ್ಳೋಣ ಅಂತಿದೀನಿ. ಯಾರಿಗೂ ಮಾರಲ್ಲ, ನನ್ನ ಗಾಡಿಗಷ್ಟೇ. ಆದ್ರೂ ಪರ್ಮಿಷನ್ ಬೇಕಾ?

ಬೇಕು. "ಮಾರಲ್ಲ" ಅನ್ನೋದು ತೆರಿಗೆಯವರಿಗೆ ಕೊಡೋ ಉತ್ತರ, ಅದನ್ನೂ ಎಲ್ಲ ದೇಶದವ್ರು ಒಪ್ಪಲ್ಲ. ಬ್ರಿಟನ್‌ನಲ್ಲಿ 2007ರಿಂದ ವರ್ಷಕ್ಕೆ 2,500 ಲೀಟರ್ ಒಳಗೆ ಮಾಡೋರಿಗೆ ಇಂಧನ ಸುಂಕ ಇಲ್ಲ, ಸುಂಕದ ರಿಜಿಸ್ಟ್ರೇಷನ್ನೂ ಬೇಡ, ಲೆಕ್ಕ ಬರೆದಿಟ್ಟಿರ್ಬೇಕು ಅಷ್ಟೆ. ಈ ಒಂದು ಸಾಲನ್ನ ಯಾವುದೋ ವಿಡಿಯೋದಲ್ಲಿ ಕೇಳ್ಕೊಂಡು ಇಡೀ ಲೋಕಕ್ಕೇ ಇದೇ ಕಾನೂನು ಅಂತ ವಾದಕ್ಕೆ ಬರ್ತಾರಲ್ಲ, ಅವರಿಗೆ ಹೇಳಿ ಹೇಳಿ ಸಾಕಾಗಿದೆ. ಆಸ್ಟ್ರೇಲಿಯಾದಲ್ಲಿ ಸ್ವಂತಕ್ಕೆ ಮಾಡಿದ್ರೂ ಎಕ್ಸೈಸ್ ಲೈಸೆನ್ಸ್ ಬೇಕು. ಬ್ರಿಟನ್‌ನ ವಿನಾಯಿತಿ ಕೂಡ ಸುಂಕದ ಮಟ್ಟಿಗೆ ಮಾತ್ರ, ಅಲ್ಲೇ ಹೋಟೆಲಿನಿಂದ ಕರಿದ ಎಣ್ಣೆ ತುಂಬ್ಕೊಂಡು ಬಂದ್ರೆ ಅದು ತ್ಯಾಜ್ಯ ಸಾಗಣೆ ಆಗುತ್ತೆ, ಅದಕ್ಕೆ ಬೇರೆ ರಿಜಿಸ್ಟ್ರೇಷನ್.

ನೀವು ನೋಡೋದು ಒಂದು ಡ್ರಮ್ಮು ಬಯೋಡೀಸೆಲ್. ಇಲಾಖೆಗಳು ಅದನ್ನ ಹಾಗೆ ನೋಡಲ್ಲ. ತೆರಿಗೆಯವರಿಗೆ ಅದು ರಸ್ತೆ ಮೇಲೆ ಉರಿಯೋ ಇಂಧನ, ಅಗ್ನಿಶಾಮಕದವರಿಗೆ ಪಕ್ಕದಲ್ಲಿರೋ ಮೆಥನಾಲ್ ಕ್ಯಾನು (ಎಣ್ಣೆನ ಬಯೋಡೀಸೆಲ್ ಮಾಡೋಕೆ ಕ್ಷಾರದ ಜೊತೆ ಬೆರೆಸೋ ಆಲ್ಕೋಹಾಲ್ ಇದು), ಮಾಲಿನ್ಯ ನಿಯಂತ್ರಣದವರಿಗೆ ಕೊನೇಲಿ ಉಳಿಯೋ ಗಲೀಜು. ಒಬ್ಬರು ಬಿಟ್ರು ಅಂತ ಇನ್ನೊಬ್ರು ಬಿಡಲ್ಲ, ಬಿಡಬೇಕು ಅಂತ ರೂಲೂ ಇಲ್ಲ.

ನನ್ನ ಕೇಳಿದ್ರೆ ತೆರಿಗೆ ಕೊನೇಗೆ ನೋಡೋ ವಿಷಯ. ಮೊದ್ಲು ಮೆಥನಾಲ್. ನೂರು ಲೀಟರ್ ಎಣ್ಣೆಗೆ ಸುಮಾರು 20 ಲೀಟರ್ ಬೇಕಾಗುತ್ತೆ. ಇದರ ಫ್ಲಾಶ್ ಪಾಯಿಂಟ್ 11 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಅಂದ್ರೆ ಸಾಮಾನ್ಯ ಕೋಣೆಯ ಬಿಸಿಯಲ್ಲೇ ಕಿಡಿಗೆ ಹತ್ತಿಕೊಳ್ಳೋವಷ್ಟು ಆವಿ ಇರುತ್ತೆ, ಹತ್ತಿಕೊಂಡ್ರೆ ಹಗಲು ಹೊತ್ತು ಉರಿ ಕಣ್ಣಿಗೇ ಸರಿಯಾಗಿ ಕಾಣಲ್ಲ. ಕುಡಿದ್ರೆ ಕುರುಡು ಅಥವಾ ಸಾವು. ಅದಕ್ಕೇ ಎಷ್ಟೋ ಕಡೆ ಅದನ್ನ ಕೊಳ್ಳೋಕೆ, ಇಷ್ಟು ಲೀಟರ್ ಮೇಲೆ ಇಟ್ಕೊಳ್ಳೋಕೆ ನಿಯಮ ಇರೋದು, ನಿಮ್ಮನ್ನ ಗೋಳು ಹೊಯ್ಕೊಳ್ಳೋಕಲ್ಲ. ಇನ್ನು ಉಳಿದ ಮೆಥನಾಲ್‌ನ ಕಾಯಿಸಿ ವಾಪಸ್ ಹಿಡೀತೀನಿ ಅಂತ ಹೊರಟ್ರೆ ನಿಮ್ಮ ಶೆಡ್ಡನ್ನ ಯಾರೂ ಶೆಡ್ಡು ಅನ್ನಲ್ಲ, ರಾಸಾಯನಿಕ ಘಟಕ ಅಂತಾರೆ. ಮನೆ ಇನ್ಶೂರೆನ್ಸ್ ಪತ್ರ ತೆಗೆದು ಒಮ್ಮೆ ಓದಿ, ಬೆಂಕಿ ಬಿದ್ದ ಮೇಲೆ ಓದಿ ಪ್ರಯೋಜನ ಇಲ್ಲ.

ಆಮೇಲೆ ತಳದಲ್ಲಿ ಕೂರೋ ಕಡುಕಂದು ಗ್ಲಿಸರಿನ್. ಅದನ್ನ ಬರೀ ಗ್ಲಿಸರಿನ್ ಅಂದ್ಕೋಬೇಡಿ, ಉಳಿದ ಮೆಥನಾಲ್‌ನ ಹೆಚ್ಚಿನ ಭಾಗ ಅಲ್ಲೇ ಇರುತ್ತೆ, ಜೊತೆಗೆ ಸೋಪು, ಕ್ಷಾರ. ಇಂಧನ ತೊಳೆದ ನೀರೂ ಸೋಪಿನ ನೊರೆ ಕಟ್ಕೊಂಡು ಹಾಲಿನ ಹಾಗೆ ಬೆಳ್ಳಗೆ ಬರುತ್ತೆ, ಅದರಲ್ಲೂ ಇವೇ. ಎರಡನ್ನೂ ಮೋರಿಗೆ ಬಿಟ್ಟು "ಇದು ಹಸಿರು ಇಂಧನ ಸಾರ್" ಅನ್ನೋರಿಗೆ ಏನು ಹೇಳೋದು.

ಹಾಗಾಗಿ ಮೆಷಿನ್ ಕೊಳ್ಳೋಕೆ ಮುಂಚೆ ಮೂರೂ ಕಡೆ ಲಿಖಿತವಾಗಿ ಕೇಳಿ. ಫೋನಲ್ಲಿ "ಪರವಾಗಿಲ್ಲ ಮಾಡಿ" ಅಂದವರು ನಾಳೆ ಸಾಕ್ಷಿಗೆ ಬರಲ್ಲ. ಒಂದು ನೋಟ್‌ಬುಕ್ ಇಡಿ, ಪ್ರತಿ ಬ್ಯಾಚಿಗೂ ತಾರೀಖು, ಎಣ್ಣೆ ಎಲ್ಲಿಂದ ಬಂತು, ಮೆಥನಾಲ್ ಎಷ್ಟು ಹೋಯ್ತು, ಎಷ್ಟು ಇಂಧನ ಬಂತು, ಗ್ಲಿಸರಿನ್ ಯಾರ ಕೈಗೆ ಹೋಯ್ತು ಅಂತ ಬರೀರಿ. ಇಷ್ಟೆಲ್ಲ ಯಾಕೆ ಅನ್ಸಿದ್ರೆ ಎಣ್ಣೆನ ಪರವಾನಗಿ ಇರೋ ಸಂಗ್ರಹಕಾರರಿಗೆ ಕೊಟ್ಬಿಡಿ. ನಾನಾಗಿದ್ರೆ ಜನ ಮಲಗೋ ಮನೆಗೆ ಅಂಟ್ಕೊಂಡಿರೋ ಶೆಡ್ಡಲ್ಲಿ ಈ ಕೆಲಸ ಮಾಡ್ತಾನೇ ಇರ್ಲಿಲ್ಲ.

ಪ್ರಶ್ನೆ: ಪಕ್ಕದ ಮನೆಯವರಿಗೆ ಖರ್ಚಿನ ದುಡ್ಡಷ್ಟೇ ತಗೊಂಡು ಕೊಟ್ರೆ? 3/27 ಟೆಸ್ಟ್ ಪಾಸಾಗಿದೆ.

ದುಡ್ಡು ಕೈಗೆ ಬಂದ್ರೆ ಅದು ಮಾರಾಟವೇ, ಲಾಭ ಇರ್ಲಿ ಬಿಡ್ಲಿ. 27 ಮಿಲಿ ಮೆಥನಾಲ್‌ಗೆ 3 ಮಿಲಿ ಇಂಧನ ಹಾಕಿ ಕುಲುಕಿ ತಳದಲ್ಲಿ ಹನಿ ಕೂತಿಲ್ಲ ಅಂದ್ರೆ ಎಣ್ಣೆ ಹೆಚ್ಚುಕಮ್ಮಿ ಪರಿವರ್ತನೆ ಆಗಿದೆ ಅಂತ ಅಷ್ಟೇ ಅರ್ಥ, ನೀರು ಎಷ್ಟು, ಫ್ಲಾಶ್ ಪಾಯಿಂಟ್ ಎಷ್ಟು ಅಂತ ಅದು ಹೇಳಲ್ಲ. ಮಾರೋಕೆ ಅಮೆರಿಕದಲ್ಲಿ ಎಎಸ್‌ಟಿಎಂ ಡಿ6751, ಯೂರೋಪಲ್ಲಿ ಇಎನ್ 14214, ಭಾರತದಲ್ಲಿ ಐಎಸ್ 15607, ಈ ಗುಣಮಟ್ಟದ ಮಾನದಂಡಗಳ ಪ್ರಕಾರ ಪೂರ್ತಿ ಲ್ಯಾಬ್ ವರದಿ ಬೇಕು. ಸಣ್ಣವರ ಕೈಕಟ್ಟೋದು ನಿಜವಾಗಿ ಇದೇ, ಯಾಕಂದ್ರೆ ಐವತ್ತು ಲೀಟರಿನ ಬ್ಯಾಚಿಗೂ ಐವತ್ತು ಸಾವಿರ ಲೀಟರಿನ ಬ್ಯಾಚಿಗೂ ಟೆಸ್ಟಿನ ಖರ್ಚು ಒಂದೇ. ಈ ದೂರಿಗೆ ನನ್ನ ಸಹಾನುಭೂತಿ ಇದೆ.

ಪ್ರಶ್ನೆ: ರಿಯಾಕ್ಷನ್ನೇ ಬೇಡ, ಸೋಸಿದ ಎಣ್ಣೆನೇ ಟ್ಯಾಂಕಿಗೆ ಸುರಿದ್ರೆ ಕಾನೂನು ಅನ್ವಯಿಸುತ್ತಾ?

ಬಹಳ ಕಡೆ ಟ್ಯಾಂಕಿಗೆ ಬಿದ್ದ ಕ್ಷಣ ಅದೂ ಇಂಧನವೇ. ಇಂಜೆಕ್ಟರ್ ಗತಿ ಆಮೇಲೆ ನೋಡಿ.

ಪ್ರಶ್ನೆ: ಉಳಿದ ಗ್ಲಿಸರಿನ್‌ನಿಂದ ಸ್ನಾನದ ಸೋಪು ಮಾಡಿ ಮಾರಬಹುದಾ?

ಮೆಥನಾಲ್ ಪೂರ್ತಿ ಹೋಗಿದೆ ಅಂತ ಲ್ಯಾಬ್ ಹೇಳೋ ತನಕ ಬೇಡ. ಬಿಸಿಲಲ್ಲಿಟ್ರೆ ಪೂರ್ತಿ ಆರಿ ಹೋಗುತ್ತೆ ಅನ್ನೋದನ್ನ ನಂಬಬೇಡಿ.

ಪ್ರಶ್ನೆ: ಒಬ್ಬ ಏಜೆಂಟ್ ಎಲ್ಲ ಇಲಾಖೆಗೂ ಸೇರಿ ಒಂದೇ ಲೈಸೆನ್ಸ್ ಮಾಡಿಸ್ಕೊಡ್ತೀನಿ ಅಂತಾನೆ.

ಟೋಪಿ ಹಾಕ್ತಿದ್ದಾನೆ.

ಪ್ರಶ್ನೆ: ಮೆಥನಾಲ್ ಬದಲು ಎಥನಾಲ್ ಹಾಕಿದ್ರೆ ಈ ರಗಳೆ ತಪ್ಪುತ್ತಾ?

ಇಲ್ಲ, ಅಬಕಾರಿಯವರೂ ಬಂದು ಸೇರ್ಕೋತಾರೆ. ಮೇಲಾಗಿ ಎಥನಾಲ್‌ನಲ್ಲಿ ಚೂರು ನೀರಿದ್ರೂ ಗ್ಲಿಸರಿನ್ ಬೇರೆ ಆಗದೆ ಇಡೀ ಬ್ಯಾಚು ಗಂಜಿ ಆಗುತ್ತೆ.