ಎಲ್‌ಡಿಎಲ್ ಸರಿಯಿದ್ದರೂ ಮಧುಮೇಹದ ಎಚ್ಚರಿಕೆ ಏಕೆ?

ಎಲ್‌ಡಿಎಲ್ ('ಕೆಟ್ಟ' ಕೊಲೆಸ್ಟ್ರಾಲ್) ಸರಿಯಿದ್ದರೂ ವೈದ್ಯರು ಅದರ ಸಣ್ಣ ಕಣಗಳ ಮಾತೆತ್ತಿ ಮಧುಮೇಹದ ಎಚ್ಚರಿಕೆ ಕೊಟ್ಟದ್ದೇಕೆ, ಆ ಕಣಗಳೇ ಮಧುಮೇಹಕ್ಕೆ ಕಾರಣವೇ ಎಂದು ಕೇಳಿದ್ದೀರಿ. ಎಲ್‌ಡಿಎಲ್ ಅಂಕಿ ಹೇಳುವುದು ಕೊಲೆಸ್ಟ್ರಾಲಿನ ಪ್ರಮಾಣವನ್ನು, ಅದನ್ನು ಹೊತ್ತ ಕಣಗಳ ಗಾತ್ರವನ್ನಲ್ಲ. ನಿಮ್ಮ ಹಾಸನದ ಲ್ಯಾಬ್ ವರದಿಯಲ್ಲಿ ವೈದ್ಯರ ಕಣ್ಣಿಗೆ ಬಿದ್ದಿರುವುದು ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) 210, ಎಚ್‌ಡಿಎಲ್ ('ಒಳ್ಳೆಯ' ಕೊಲೆಸ್ಟ್ರಾಲ್) 34 ಎಂಬ ಜೋಡಿ. ಮೊದಲನೆಯದು ಹೆಚ್ಚು, ಎರಡನೆಯದು ಕಡಿಮೆ; ಇಂಥ ಜೋಡಿಯ ಜೊತೆ ಸಣ್ಣ ಎಲ್‌ಡಿಎಲ್ ಕಣಗಳು ಸಾಮಾನ್ಯ.

ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿದ್ದಾಗ (ಇದೇ ಇನ್ಸುಲಿನ್ ಪ್ರತಿರೋಧ) ಶೇಖರಣೆಯಾಗಿದ್ದ ಕೊಬ್ಬು ಕರಗಿ ಯಕೃತ್ತಿಗೆ ಹರಿಯುತ್ತದೆ. ಯಕೃತ್ತು ಅದನ್ನು ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡುತ್ತದೆ. ಅಲ್ಲಿ ಎಲ್‌ಡಿಎಲ್ ಕಣಗಳು ತಮ್ಮ ಕೊಲೆಸ್ಟ್ರಾಲ್ ಕೊಟ್ಟು ಟ್ರೈಗ್ಲಿಸರೈಡ್ ಪಡೆಯುತ್ತವೆ. ಅದನ್ನೂ ಕಿಣ್ವವೊಂದು ಕರಗಿಸಿದಾಗ ಕಣ ಕುಗ್ಗಿ ಸಾಂದ್ರವಾಗುತ್ತದೆ. ಹಾಗಾಗಿ ಸಣ್ಣ ಕಣವನ್ನು ಮಧುಮೇಹದ ಕಾರಣ ಎನ್ನುವುದಕ್ಕಿಂತ ಪ್ರತಿರೋಧದ ಕುರುಹು ಎನ್ನುವುದು ಸರಿ. ರಕ್ತದ ಸಕ್ಕರೆ ಏರುವುದಕ್ಕೆ ವರ್ಷಗಳ ಮೊದಲೇ ಅದು ಕಾಣಬಹುದು.

ಕಣ ಅಳೆಯಿಸಲು ಬೆಂಗಳೂರಿಗೆ ಓಡಬೇಕಿಲ್ಲ (ತಟ್ಟೆಯಲ್ಲಿನ ಮುದ್ದೆಯ ಗಾತ್ರ ಅಳೆದರೆ ಹೆಚ್ಚು ಲಾಭ). ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ಊರಿನಲ್ಲೇ ಮಾಡಿಸಿ.